ಅಘನಾಶಿನಿ ಗುಡ್ಡದಿಂದ ಕಿರುಬೇಲೆಗೆ ಇಳಿಯುವ ಹಳೆಯ ಕಾಲುದಾರಿ ಯಾರಿಗಾದರೂ ನೆನಪಿದೆಯೇ?

ತಾರಿಬಾಗಿಲು

ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಹಟಕ್ಕೆ ಬಿದ್ದು ಒಂದು ಕೆಲಸ ಮಾಡಹೊರಟೆ. ಅದು ಅರ್ಧಕ್ಕೆ ನಿಂತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಅಜ್ಜಿ ಕುಮಟಾದ ಕಡೆಯ ಅಘನಾಶಿನಿ ಊರಿನವಳು. ಅವಳ ಅಕ್ಕನನ್ನು ಕಿರುಬೇಲೆಗೆ ಕೊಟ್ಟಿದ್ದರು. ಹೊಳೆಯಲ್ಲಿ ಇಳಿತವಿದ್ದಾಗ ಬಳಚು (ಚಿಪ್ಪುಮೀನು) ಆರಿಸಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿ ಇಳಿದು ಅಕ್ಕನ ಮನೆಗೆ ಹೋಗಿ, ಅಲ್ಲಿಂದ ತೆಂಗಿನಕಾಯಿಯನ್ನೋ ಉಪ್ಪುಗದ್ದೆಯ ಕಗ್ಗದ ಅಕ್ಕಿಯನ್ನೋ ಹೊತ್ತು ತರುತ್ತಿದ್ದಳಂತೆ. ಎಷ್ಟು ದೂರ ಎಂದು ಕೇಳಿದರೆ, "ಒಂದು ಕವಳ ಹಾಕಿ ಉಗುಳುವಷ್ಟು" ಎನ್ನುತ್ತಿದ್ದಳು. ಕವಳ ಎಂದರೆ ಎಲೆಯಡಿಕೆ.

ಆಚೆ ದಡದ ತದಡಿಯಿಂದ ಬೆಳಗಿನ ತಾರಿ (ಹೊಳೆ ದಾಟಿಸುವ ದೋಣಿ) ಹಿಡಿದು ಈಚೆ ದಡಕ್ಕೆ ಬಂದೆ. ಊರ ಹಿಂದಿನ ಓಣಿ ಹಾಗೆಯೇ ಇದೆ: ಎರಡೂ ಬದಿಗೆ ಚಿರೆಕಲ್ಲಿನ ಪಾಗಾರ, ಅದರ ಮೇಲೆ ಹಾವಸೆ. ಓಣಿ ಮುಗಿದು ಗೇರುಹಕ್ಕಲು, ಅದನ್ನು ದಾಟಿದರೆ ಗುಡ್ಡದ ನೆತ್ತಿ. ಬೋಳು ಚಿರೆಕಲ್ಲಿನ ಹಾಸು, ಒಣಗಿದ ಕರಡದ ಹುಲ್ಲು. ಒಂದು ಕಡೆ ಹೊಳೆ ಸಮುದ್ರಕ್ಕೆ ಸೇರುವ ಬಾಯಿ, ಅದರಾಚೆ ಬೇಲೆಕಾನಿನ ಗುಡ್ಡ. ಇಲ್ಲಿಯವರೆಗೆ ಸುಖವಾಗಿಯೇ ಬಂದೆ. ಆಮೇಲೆ ಅಕೇಶಿಯಾ ತೋಪು, ತೋಪಿನೊಳಗೆ ಎದೆಮಟ್ಟ ಲಂಟಾನಾ, ಅದನ್ನೂ ನುಗ್ಗಿ ದಾಟಿದರೆ ಹೊಸ ಕಲ್ಲುಕಂಬ, ತಂತಿಬೇಲಿ. ಮೂರು ತಾಸು ಅಲೆದು, ಅಂಗಿ ಹರಿದುಕೊಂಡು, ಬಂದ ದಾರಿಯಲ್ಲೇ ಇಳಿದೆ. ಕಿರುಬೇಲೆಗೆ ಕೊನೆಗೂ ಹೋದದ್ದು ರಿಕ್ಷಾದಲ್ಲಿ. ಅಜ್ಜಿ ಇದ್ದಿದ್ದರೆ ನಗುತ್ತಿದ್ದಳು.

ನೆತ್ತಿಯಿಂದ ಕಿರುಬೇಲೆಯ ಕಡೆಗೆ ಇಳಿಯುವ ದಾರಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಬಲ್ಲವರು ತಿಳಿಸಿ. ಬೇಲಿ ಯಾರದು ಎಂಬುದು ನನಗೆ ಈಗ ಮುಖ್ಯವಲ್ಲ.

ಗೇರುಬೀಜ

ಕುಮಟಾದಿಂದ ಗೋಕರ್ಣದವರೆಗೆ ಎರಡು ಸಲ ನಡೆದಿದ್ದೇನೆ. ವನ್ನಳ್ಳಿ, ಕಡ್ಲೆ, ಗುಡೇಅಂಗಡಿ, ಬಾಡ, ಕಾಗಾಲ, ಕಿರುಬೇಲೆ, ಅಘನಾಶಿನಿ, ಅಲ್ಲಿಂದ ತಾರಿಯಲ್ಲಿ ತದಡಿ. ಮರಳಿನ ಮೇಲೆ ಅರ್ಧ ದಾರಿ, ಬಂಡೆಗಳ ಮೇಲೆ ಇನ್ನರ್ಧ. ಗುಡ್ಡ ಹತ್ತುವ ಗೋಜೇ ಬೇಡ, ಕೆಳಗೆ ಸಮುದ್ರದ ಅಂಚಿನ ಬಂಡೆ ಹಿಡಿದು ಸುತ್ತಿ ಬರಬಹುದು. ಬೆಂಗಳೂರಿನಿಂದ ನಾವು ಹನ್ನೆರಡು ಜನ ಹಾಗೆಯೇ ಬಂದೆವು.

ಗುಡ್ಡದ ದಾರಿ ಸಿಕ್ಕರೆ ಮೊಬೈಲಿನಲ್ಲಿ ಗುರುತಿಸಿ ಕಳಿಸಿ, ನಕ್ಷೆಗೆ ಏರಿಸುತ್ತೇನೆ. ಗೋಕರ್ಣದ ಕಡೆ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಂದು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹೊಳೆಯ ಈಚೆ ದಡಕ್ಕೆ ಯಾರೂ ಬರುವುದಿಲ್ಲ. ಜನ ಬಂದರೆ ತಾನೇ ದಾರಿ ಉಳಿಯುವುದು?

ಹರಿದ ಬಲೆ

ಗೇರುಬೀಜದವರೇ, ಸಿಟ್ಟಿನಿಂದ ಹೇಳುತ್ತಿಲ್ಲ. ಬಂಡೆ ಹಿಡಿದು ಸುತ್ತಿ ಬರಬಹುದು ಎಂದು ಇಷ್ಟು ಸಲೀಸಾಗಿ ಬರೆಯಬೇಡಿ.

ನಾನು ಇದೇ ಹೊಳೆಬಾಯಲ್ಲಿ ದೋಣಿ ಹಾಕುವವನು. ಹೋದ ವರ್ಷ ನಾಲ್ಕು ಹುಡುಗರು ಬೆಳಗ್ಗೆ ಇಳಿತದಲ್ಲಿ ಬಂಡೆ ದಾಟಿ ಹೋದರು, ಊಟ ಮಾಡಿಕೊಂಡು ಅದೇ ಬಂಡೆಯ ಮೇಲೆ ಮರಳಿ ಬರಹೊರಟರು. ಅಷ್ಟರಲ್ಲಿ ಭರತ (ಉಬ್ಬರ) ಏರಿತ್ತು. ಮುಂದೆ ನೀರು, ಹಿಂದೆ ನೀರು, ಮೇಲೆ ಹತ್ತಲಾಗದ ದರೆ. ಅಲೆ ಬಡಿಯುವ ಬಂಡೆಯ ಹತ್ತಿರಕ್ಕೆ ದೋಣಿ ಒಯ್ಯುವುದು ಹೇಗಿರುತ್ತದೆ ಎಂದು ಒಯ್ದವನಿಗೇ ಗೊತ್ತು. ನಮ್ಮ ಹಲಗೆ ಒಂದು ಒಡೆಯಿತು. ಹುಡುಗರ ಅಂಗಾಲು ತುಂಬ ಕಲವಾ ಚಿಪ್ಪಿನ ಗಾಯ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಅದೂ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ನಿನ್ನೆ ಏಳು ಗಂಟೆಗೆ ಒಣಗಿದ್ದ ಕಲ್ಲು ಬರುವ ಭಾನುವಾರ ಏಳಕ್ಕೆ ಮುಳುಗಿರಬಹುದು. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಎರಡೂ ಕಡಿಮೆ. ನಾವು ತಿಥಿ ನೋಡಿ ಹೊರಡುತ್ತೇವೆ, ನೀವು ಮೊಬೈಲ್ ನೋಡಿಯಾದರೂ ಹೊರಡಿ. ಮಳೆಗಾಲದಲ್ಲಂತೂ ಬಂಡೆಯ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಕಡಲಿನಲ್ಲಿ ನಿಮ್ಮನ್ನು ನೋಡುವವರೂ ಯಾರೂ ಇರುವುದಿಲ್ಲ.

ಗುಡ್ಡದ ಮೇಲೆ ದಾರಿ ಮಾಡಿದ ಹಿರಿಯರು ದಡ್ಡರಲ್ಲ.

ಗೇರುಬೀಜ

ಒಪ್ಪಿದೆ. ನಾವು ಹೋದದ್ದು ಜನವರಿಯಲ್ಲಿ. ಇಳಿತ ನೋಡಿಕೊಂಡೇ ಹೋಗಿದ್ದೆವು, ಅದನ್ನು ಬರೆಯದೆ ಬಿಟ್ಟದ್ದು ತಪ್ಪು.

ಡೊಂಬಿವಲಿಯ ಕುಮಟಿಗ

ಕಿರುಬೇಲೆ ಎಂಬ ಹೆಸರು ಓದಿಯೇ ಅರ್ಧ ಗಂಟೆ ಕೆಲಸ ಕೆಟ್ಟಿತು. ಬೇಲೆ ಎಂದರೆ ನಮ್ಮಲ್ಲಿ ಕಡಲ ದಂಡೆ. ಕಿರುಬೇಲೆ ಎಂದರೆ ಸಣ್ಣ ದಂಡೆ. ಬೇಲೆಕಾನು, ಬೇಲೇಕೇರಿ ಎಲ್ಲ ಅದೇ ಬಳಗ. ಈಗ ಆ ದಂಡೆಗಳಿಗೆ ಇಂಗ್ಲಿಷ್ ಹೆಸರು ಅಂಟಿಸಿ ಬೋರ್ಡು ಹಾಕುತ್ತಿದ್ದಾರಂತೆ.

ಆದರೆ ಒಂದು ಮಾತು. ದಾರಿ ಹೋಯಿತು ಎಂದು ಇಷ್ಟು ಕೊರಗುವುದು ಏಕೆ? ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡದ ಕಡೆಯ ಹತ್ತಿ ದೇವಿಮನೆ ಘಟ್ಟ ಇಳಿದು ನಮ್ಮ ಕುಮಟಾ ಬಂದರಿಗೆ ಬರುತ್ತಿತ್ತು. ವಿಲಾಯಿತಿಯ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು. ಮುರಗೋಡಿನ ಬಂದರಿಗೆ ರೈಲು ಬಂದದ್ದೇ ತಡ, ಆ ಗಾಡಿಗಳೂ ಇಲ್ಲ, ಗಾಡಿಯವರ ಬಿಡದಿಗಳೂ ಇಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ನಾನೇ ಮುಂಬಯಿಯ ಬಸ್ಸು ಹತ್ತುವುದನ್ನು ಬಿಟ್ಟೆ. ಬೇಡವಾದದ್ದು ಹೋಗುತ್ತದೆ, ಹೋಗಲಿ.

ತಾರಿಬಾಗಿಲು

ಮುರಗೋಡು ಬೆಳಗಾವಿಯ ಕಡೆ ಇದೆ. ನೀವು ಹೇಳುತ್ತಿರುವುದು ಗೋವೆಯ ಮುರಗಾಂವ್.

ಡೊಂಬಿವಲಿಯ ಕುಮಟಿಗ

ಹೌದು, ಮುರಗಾಂವ್. ಮೊಬೈಲಿನ ಕೈವಾಡ. ವಾದ ಮಾತ್ರ ಬದಲಾಗುವುದಿಲ್ಲ.

ಗುಡ್ಡೆಶಾಲೆ ಅಕ್ಕೋರು

ತಾರಿಬಾಗಿಲು ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಕೊಡುವವರು ಇಲ್ಲಿ ಯಾರೂ ಕಾಣಲಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಮಗಳು ಟೈಪು ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ, ನಿಧಾನ. ಎಪ್ಪತ್ತರ ದಶಕದ ಕೊನೆಯ ಆರು ವರ್ಷ ನಾನು ಆ ಗುಡ್ಡ ಹತ್ತಿ ಇಳಿದು ಶಾಲೆಗೆ ಹೋದವಳು. ಈಗ ಮಂಡಿ ಕೇಳುವುದಿಲ್ಲ, ಆದರೆ ಕಣ್ಣು ಮುಚ್ಚಿದರೆ ಕಾಲು ತಾನಾಗಿ ಹೋಗುತ್ತದೆ.

ಓಣಿ ಮುಗಿದ ಕೂಡಲೇ ನೀನು ನೆಟ್ಟಗೆ ಹತ್ತಿದೆ ಅನ್ನಿಸುತ್ತದೆ. ಅದು ಕಟ್ಟಿಗೆಗೆ ಹೋಗುವವರ ದಾರಿ. ಕಿರುಬೇಲೆಗೆ ಹೋಗುವವರು ಗೇರುಹಕ್ಕಲಿನ ಕೆಳ ಅಂಚಿನಲ್ಲಿ ಎಡಕ್ಕೆ ಹೊರಳಬೇಕು. ಅಲ್ಲಿ ಒಂದು ಹಳೆಯ ಮಾವಿನ ಮರ, ಬುಡದಲ್ಲಿ ಜಟಕ ದೇವರ ಕಲ್ಲು. ಗುಡಿಯಲ್ಲ, ಬರಿಯ ಕಲ್ಲು. ಹೋಗುವವರು ಒಂದು ಹಸಿ ಎಲೆ ಕಿತ್ತು ಅದರ ಮೇಲೆ ಇಟ್ಟು ಹೋಗುತ್ತಿದ್ದರು. ಏಕೆ ಎಂದು ನಾನು ಕೇಳಲಿಲ್ಲ. ಕೇಳಬಾರದು ಎಂದಲ್ಲ, ಎಲ್ಲರೂ ಇಡುತ್ತಿದ್ದರು, ನಾನೂ ಇಟ್ಟೆ. ಆ ಎಲೆಗಳಿಂದ ಒಂದು ಉಪಕಾರವಿತ್ತು. ಮುಂದೆ ಯಾರಾದರೂ ಹೋಗಿದ್ದಾರೆಯೇ, ಎಷ್ಟು ಹೊತ್ತಿಗೆ ಹೋದರು ಎಂಬುದು ಎಲೆ ಬಾಡಿದ್ದನ್ನು ನೋಡಿದರೆ ತಿಳಿಯುತ್ತಿತ್ತು. ಮಳೆಗಾಲದ ಬೆಳಗ್ಗೆ ಒಬ್ಬಳೇ ಹೋಗುವಾಗ ಆ ಹಸಿರೆಲೆ ಕಂಡರೆ ಧೈರ್ಯ.

ಅಲ್ಲಿಂದ ದಾರಿ ಅಡ್ಡಡ್ಡಲಾಗಿ ಏರುತ್ತದೆ. ಹೊರೆ ಹೊತ್ತವರ ದಾರಿ ಎಂದೂ ನೆಟ್ಟಗೆ ಏರುವುದಿಲ್ಲ, ಇದನ್ನು ನೆನಪಿಡು. ನೆತ್ತಿ ತಲುಪಿದ ಮೇಲೆ ಹೊರೆ ಇಳಿಸುವ ಕಲ್ಲು ಸಿಗಬೇಕು: ಎರಡು ನಿಂತ ಕಂಬ, ಮೇಲೆ ಅಡ್ಡ ಹಾಸು, ತಲೆಯ ಎತ್ತರಕ್ಕೆ. ಬುಟ್ಟಿ ಹೊತ್ತ ಹೆಂಗಸು ಯಾರ ಕೈ ಸಹಾಯವೂ ಇಲ್ಲದೆ ಅದರ ಮೇಲೆ ಬುಟ್ಟಿ ಜಾರಿಸಿ, ಬೆವರು ಒರೆಸಿ, ಕವಳ ಹಾಕಿ, ಮತ್ತೆ ತಲೆ ಒಡ್ಡಿ ಎತ್ತಿಕೊಳ್ಳಬಹುದು. ನಿನ್ನ ಅಜ್ಜಿಯ ಕವಳದ ಲೆಕ್ಕ ಅಲ್ಲಿಂದ ಶುರುವಾಗಿರಬೇಕು, ಮನೆಯಿಂದಲ್ಲ. ಏರಿಗೆ ಬೇರೆ ಲೆಕ್ಕ.

ಕಲ್ಲಿಗೆ ಬೆನ್ನು ಕೊಟ್ಟು ನಿಂತು, ಬಲಕ್ಕೆ ಸಮುದ್ರ ಇರುವಂತೆ ನೋಡಿದರೆ ಚಿರೆಕಲ್ಲಿನ ಹಾಸಿನಲ್ಲಿ ಒಂದು ಕುಳಿ ಇದೆ. ಶ್ರಾವಣ, ಭಾದ್ರಪದದಲ್ಲಿ ಅದರ ಸುತ್ತ ನೀಲಿ, ಬಿಳಿ ಹೂವು. ಕಾಲುಬೆರಳಿನ ಎತ್ತರದ ಗಿಡ, ಬೂದುಬಣ್ಣದ ಕಲ್ಲಿನ ಮೇಲೆ ಯಾರೋ ಸೀರೆ ಹಾಸಿದಂತೆ. ಅವುಗಳಲ್ಲಿ ಕೆಲವು ಹುಳು ತಿನ್ನುವ ಗಿಡಗಳು ಎಂದು ಮಕ್ಕಳಿಗೆ ಪಾಠ ಮಾಡಿದ್ದೆ. ಮಕ್ಕಳು ನಂಬಲಿಲ್ಲ. ಕುಳಿ ದಾಟಿ ನೂರು ಹೆಜ್ಜೆಗೆ ದರೆಯಲ್ಲಿ ಒಂದು ಬಿರುಕು, ಅದರೊಳಗೆ ಚಿರೆಕಲ್ಲಿನಲ್ಲೇ ಕಡಿದ ಮೆಟ್ಟಿಲು. ಅದೇ ನೀನು ಹುಡುಕುವ ಇಳಿಜಾರು. ಮೇಲಿನಿಂದ ಕಾಣುವುದಿಲ್ಲ. ಕೇದಿಗೆ ಹಿಂಡಿಲು (ಪೊದೆ) ಕಂಡರೆ ನೀನು ಹೆಚ್ಚು ಕೆಳಗೆ ಹೋದೆ ಎಂದು ತಿಳಿ.

ಕುಮಟಿಗರು ಬೇಡವಾದದ್ದು ಹೋಗಲಿ ಎಂದಿದ್ದಾರೆ. ಸರಿ. ಬಸ್ಸು ಬಂತು, ಶಾಲೆಯ ಮಕ್ಕಳು ಆ ದಾರಿ ಬಿಟ್ಟರು. ಗ್ಯಾಸು ಬಂತು, ಕಟ್ಟಿಗೆಯವರು ಬಿಟ್ಟರು. ದನ ಹೋದವು, ಕರಡ ಕೊಯ್ಯುವವರು ಬಿಟ್ಟರು. ಎಂಬತ್ತರ ದಶಕದಲ್ಲಿ ಕರಾವಳಿಯ ಗುಡ್ಡಗಳ ತುಂಬ ಅಕೇಶಿಯಾ ನೆಟ್ಟರು, ಅದರ ದರಕು (ಒಣಗಿದ ಎಲೆ) ಬಿದ್ದು ದಾರಿಯ ಗುರುತೂ ಅಳಿಯಿತು. ಇವುಗಳಲ್ಲಿ ಯಾವುದನ್ನೂ ನಾನು ಬೇಡ ಎನ್ನುವುದಿಲ್ಲ, ಗ್ಯಾಸಿನ ಒಲೆಯನ್ನಂತೂ ಖಂಡಿತ ಅಲ್ಲ. ಆದರೆ ಬಸ್ಸು ಇಲ್ಲದ ಹೊತ್ತಿನಲ್ಲಿ, ರಿಕ್ಷಾಕ್ಕೆ ದುಡ್ಡಿಲ್ಲದವಳು ಅಕ್ಕನ ಮನೆಗೆ ಹೇಗೆ ಹೋಗಬೇಕು ಎಂಬುದನ್ನು ಡೊಂಬಿವಲಿಯಿಂದ ತೀರ್ಮಾನಿಸಬೇಡಿ.

ಡೊಂಬಿವಲಿಯ ಕುಮಟಿಗ

ಅಕ್ಕೋರೇ, ಬೆಂಚಿನ ಮೇಲೆ ನಿಂತುಕೊಂಡಿದ್ದೇನೆ.

ಬಂಡಿದಾರಿ

ನಾನು ವಕೀಲಿ ವೃತ್ತಿಯವನು, ಆದರೆ ಇದನ್ನು ಹರಟೆ ಎಂದೇ ಓದಿ.

ಬೇಲಿಯ ವಿಷಯ ಮುಖ್ಯವಲ್ಲ ಎಂದು ತಾರಿಬಾಗಿಲಿನವರು ಬರೆದರು. ಮುಖ್ಯವೇ. ಮೊದಲು ಗ್ರಾಮ ನಕಾಶೆ ನೋಡಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಊರೂರಿನ ನಕಾಶೆ ಸಿಗುತ್ತದೆ. ಅದರಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ತುಂಡುಗೆರೆಗಳಲ್ಲಿ ತೋರಿಸಿರುತ್ತಾರೆ. ಕಚೇರಿಯ ಭಾಷೆಯಲ್ಲಿ ಅದು ನಕಾಶೆ ಕಂಡ ದಾರಿ. ಅದಕ್ಕೆ ಯಾರಾದರೂ ಬೇಲಿ ಹಾಕಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು, ವಿಷಯ ಅಷ್ಟು ತೊಡಕಿನದಲ್ಲ.

ನಕಾಶೆಯಲ್ಲಿ ಇಲ್ಲದಿದ್ದರೆ ತೊಡಕು. ಖಾಸಗಿ ಜಮೀನಿನ ಮೇಲೆ ನಡೆದು ಬಂದ ಹಕ್ಕಿನ ಬಗ್ಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆ ಇದೆ. ಅದರ 15ನೇ ಕಲಮಿನಂತೆ, ಅನುಮತಿ ಬೇಡದೆ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ನಡೆದಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಜನ ಮರೆಯುವುದು 47ನೇ ಕಲಮನ್ನು. 20 ವರ್ಷ ಸತತವಾಗಿ ಅನುಭವಿಸದೆ ಬಿಟ್ಟರೆ ಹಾಗೆ ಹುಟ್ಟಿದ ಹಕ್ಕು ನಂದಿಯೂ ಹೋಗುತ್ತದೆ. ಊರಿಗೆಲ್ಲ ಸೇರಿದ ಸಾರ್ವಜನಿಕ ದಾರಿಗೆ ಬೇರೆ ನಿಯಮ, ಅದನ್ನು ಇದರೊಡನೆ ಬೆರೆಸಬೇಡಿ.

ಅಕ್ಕೋರು ಕೊನೆಯ ಸಲ ನಡೆದದ್ದು ಯಾವಾಗ, ಅವರ ಅನಂತರ ಯಾರು ನಡೆದರು ಎಂಬುದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಎಂದಾದರೂ ನ್ಯಾಯಾಲಯದ ಮುಂದೆ ಬಂದರೆ ಫೋಟೋಗಳಿಗಿಂತ ಊರವರ ಸಾಕ್ಷಿಗೇ ತೂಕ.

ಗೇರುಬೀಜ

ನೋಡಿದಿರಾ? ನಡೆಯದಿದ್ದರೆ ಹಕ್ಕೂ ಹೋಗುತ್ತದೆ. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ. ನಕ್ಷೆಗೆ ಏರಿಸಿ, ತಿಂಗಳಿಗೆ ಎರಡು ತಂಡ ತರುತ್ತೇನೆ.

ಕಗ್ಗದ ಗದ್ದೆ

ತರಬೇಡಿ ಮಾರಾಯರೇ.

ನಾನು ಮಾಣಿಕಟ್ಟೆಯ ಕಡೆಯವನು, ಗಜನಿ ಗದ್ದೆಯವನು. ಗಜನಿ ಎಂದರೆ ಹೊಳೆಯಂಚಿನ ತಗ್ಗು ಉಪ್ಪುಗದ್ದೆ. 2024ರಲ್ಲಿ ಅಘನಾಶಿನಿಯ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು, 4,801 ಹೆಕ್ಟೇರು. ಅಣೆಕಟ್ಟಿಲ್ಲದೆ ಹರಿಯುವ ಹೊಳೆ, ಒಳ್ಳೆಯದೇ ಆಯಿತು. ಆಮೇಲೆ ಕ್ಯಾಮೆರಾದವರು ಬರತೊಡಗಿದರು. ಹಕ್ಕಿ ನೋಡಲು ಬರುವವರು ಕಟ್ಟೆಯ ಮೇಲೆ ನಡೆಯುತ್ತಾರೆ. ಅದು ಕಾಲುದಾರಿ ಎಂದು ಅವರ ಭಾವನೆ. ಅದು ಉಪ್ಪುನೀರು ತಡೆಯುವ ಮಣ್ಣಿನ ಕಟ್ಟೆ. ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಅದು ಇನ್ನೂ ಹಸಿ. ನಾವು ಬರಿಗಾಲಲ್ಲಿ, ಒಬ್ಬರ ಹಿಂದೆ ಒಬ್ಬರು, ನಡುವಿನಲ್ಲಿ ನಡೆಯುತ್ತೇವೆ. ಇಪ್ಪತ್ತು ಜನ ಬೂಟು ಹಾಕಿಕೊಂಡು ಅಂಚಿನಲ್ಲಿ ನಡೆದರೆ ಮಣ್ಣು ಕುಸಿಯುತ್ತದೆ. ಎರಡು ವರ್ಷದ ಹಿಂದೆ ನಮ್ಮ ಜಂತ್ರಡಿಯ ಪಕ್ಕದಲ್ಲಿ ಹಾಗೆ ಕುಸಿದು, ಕೊಯ್ಲಿನ ಮೊದಲು ಉಪ್ಪುನೀರು ಒಳಗೆ ಬಂತು. ಕಗ್ಗ ಉಪ್ಪು ತಡೆಯುವ ಭತ್ತ ನಿಜ, ಆದರೆ ತಿಂಗಳುಗಟ್ಟಲೆ ನಿಂತರೆ ಅದಕ್ಕೂ ಒಂದು ಮಿತಿ ಇದೆ.

ಜಂತ್ರಡಿ ಎಂದರೆ ಏನು ಎಂದು ಕೇಳುವವರಿಗೆ: ಕಟ್ಟೆಯಲ್ಲಿ ಹಲಗೆ ಹಾಕಿ ನೀರು ಒಳಗೆ ಹೊರಗೆ ಬಿಡುವ ಬಾಗಿಲು. ಭತ್ತ ಕೊಯ್ದ ಮೇಲೆ ಅದನ್ನು ತೆಗೆದರೆ ಉಪ್ಪುನೀರಿನ ಜೊತೆ ಮೀನು, ಸಿಗಡಿ ಬರುತ್ತವೆ. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಹಲಗೆ ಎತ್ತಿ ಪಕ್ಕಕ್ಕಿಟ್ಟವರನ್ನೂ ಕಂಡಿದ್ದೇನೆ.

ಗೇರುಬೀಜ

ನಮ್ಮ ತಂಡ ಹಾಗಲ್ಲ. ಕಸ ಹೆಕ್ಕಿಕೊಂಡೇ ಬರುತ್ತೇವೆ.

ಕಗ್ಗದ ಗದ್ದೆ

ನಂಬುತ್ತೇನೆ. ಆದರೆ ನಕ್ಷೆಗೆ ಏರಿಸಿದ ಮೇಲೆ ಬರುವವರೆಲ್ಲ ನಿಮ್ಮ ತಂಡದವರೇ ಆಗಿರುತ್ತಾರೆಯೇ?

ಹರಿದ ಬಲೆ

ಇಬ್ಬರದೂ ಸರಿ ಎಂದು ಕಾಣುತ್ತದೆ, ಅದೇ ಕಷ್ಟ. ನನ್ನ ಲೆಕ್ಕ ಬೇರೆ. ಊರ ಹುಡುಗರು ನಾಲ್ಕು ಜನ ವರ್ಷಕ್ಕೆ ನಾಲ್ಕು ಸಲ ಕತ್ತಿ ಹಿಡಿದು ಹೋದರೆ ದಾರಿ ತೆರೆದಿರುತ್ತದೆ. ಆದರೆ ಕತ್ತಿ ಹಿಡಿಯುವ ಹುಡುಗರು ಗೋವೆಯಲ್ಲಿದ್ದಾರೆ.

ತಾರಿಬಾಗಿಲು

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಹೋಗಿ ಬಂದೆ.

ಅಕ್ಕೋರು ಹೇಳಿದ ಮಾತನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ. ಜೊತೆಗೆ ಸೋದರಮಾವನ ಮಗ, ಒಂದು ಕತ್ತಿ, ಎರಡು ಬಾಟಲಿ ನೀರು. ಚಳಿಗಾಲ ಶುರುವಾಗಿದೆ, ನಮ್ಮ ಜಿಲ್ಲೆಯಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಹೆದರಿಕೆ ಇರುವ ಕಾಲ. ಅದಕ್ಕೆ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡು ಹೋದೆವು. ಮನೆಗೆ ಬಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿದೆವು. ಉಣುಗು ಒಂದೂ ಸಿಗಲಿಲ್ಲ, ಆದರೂ ನೋಡಿಕೊಳ್ಳುವುದು ಒಳ್ಳೆಯದು.

ಗೇರುಹಕ್ಕಲಿನ ಕೆಳ ಅಂಚಿನಲ್ಲಿ ಎಡಕ್ಕೆ ಹೊರಳಿದರೆ ಮಾವಿನ ಮರ ಇಲ್ಲ. ಬುಡ ಮಾತ್ರ ಇದೆ, ಕೊಯ್ದು ಬಹಳ ವರ್ಷ ಆಗಿರಬೇಕು. ಜಟಕನ ಕಲ್ಲು ದರಕಿನಡಿ ಮುಚ್ಚಿಹೋಗಿತ್ತು. ಕಾಲಿನಿಂದ ಸರಿಸಹೊರಟ ಮಾವನ ಮಗನನ್ನು ಬೈದು ಕೈಯಲ್ಲಿ ಸರಿಸಿದೆ. ಅಲ್ಲಿಂದ ಮುಂದೆ ಆಶ್ಚರ್ಯ. ದಾರಿ ಕಾಣುವುದಿಲ್ಲ, ಆದರೆ ಕಾಲಿಗೆ ಸಿಗುತ್ತದೆ. ಚಿರೆಕಲ್ಲು ಸವೆದು ಒಂದು ಗೇಣು ಅಗಲದ ತಗ್ಗಾಗಿದೆ, ಅದರಲ್ಲಿ ಎಲೆ ತುಂಬಿದೆ. ಕಣ್ಣು ಬಿಟ್ಟು ಹುಡುಕಿದರೆ ತಪ್ಪುತ್ತಿದ್ದೆವು, ಪಾದ ಹೋದಂತೆ ಹೋದರೆ ಸರಿಯಾಗುತ್ತಿತ್ತು. ಅಡ್ಡಡ್ಡಲಾಗಿ ಏರುತ್ತದೆ ಎಂದು ಅಕ್ಕೋರು ಹೇಳಿರದಿದ್ದರೆ ಈ ಸಲವೂ ನೆಟ್ಟಗೆ ಹತ್ತುತ್ತಿದ್ದೆ.

ಹೊರೆ ಇಳಿಸುವ ಕಲ್ಲು ಸಿಕ್ಕಿತು! ಒಂದು ಕಂಬ ವಾಲಿದೆ, ಅಡ್ಡ ಹಾಸು ಕೆಳಗೆ ಬಿದ್ದಿದೆ. ನಾವಿಬ್ಬರೂ ಎತ್ತಲು ನೋಡಿದೆವು, ಮಿಸುಕಲಿಲ್ಲ. ನಿಂತ ಕಂಬದ ಒಂದು ಮೈ ಭುಜದ ಎತ್ತರದಲ್ಲಿ ನುಣ್ಣಗೆ ಹೊಳೆಯುತ್ತದೆ. ಎಷ್ಟು ಜನ ಅದಕ್ಕೆ ಒರಗಿ ನಿಂತಿದ್ದರೋ.

ಬೇಲಿ ಅಲ್ಲಿಂದ ಇನ್ನೂರು ಹೆಜ್ಜೆ. ಕಾವಲಿನ ಅಜ್ಜ ಬಂದು ಎಲ್ಲಿಗೆ ಎಂದು ಕೇಳಿದರು. ಕಿರುಬೇಲೆಗೆ ಎಂದೆ. ನೋಡಲಿಕ್ಕೋ ಎಂದು ಕೇಳಿದರು. ಅಲ್ಲ, ಅಜ್ಜಿಯ ಅಕ್ಕನ ಮನೆಗೆ ಎಂದೆ. ಆ ಮನೆಯಲ್ಲಿ ಈಗಲೂ ಅವರ ಮೊಮ್ಮಕ್ಕಳು ಇದ್ದಾರೆ, ಆದ್ದರಿಂದ ಪೂರ್ತಿ ಸುಳ್ಳಲ್ಲ. ಮನೆಯ ಹೆಸರು ಕೇಳಿದರು, ಹೇಳಿದೆ. ಅಜ್ಜ ಮಾತಾಡದೆ ತಂತಿಯ ಕೆಳಗಿನ ಎಳೆಯನ್ನು ಕಾಲಲ್ಲಿ ಒತ್ತಿ, ಮೇಲಿನದನ್ನು ಕೈಯಲ್ಲಿ ಎತ್ತಿ ಹಿಡಿದರು. ಬಿರುಕಿನ ಮೆಟ್ಟಿಲನ್ನು ತೋರಿಸಿದವರೂ ಅವರೇ. ಅಕ್ಕೋರೇ, ನಾನು ಒಬ್ಬನೇ ಆಗಿದ್ದರೆ ಅದನ್ನು ಕಂಡುಹಿಡಿಯುತ್ತಿರಲಿಲ್ಲ, ಕೇದಿಗೆ ಹಿಂಡಿಲಿನವರೆಗೆ ಹೋಗಿ ನಿಂತಿದ್ದೆ.

ಒಟ್ಟು ಒಂದು ತಾಸು ನಲವತ್ತು ನಿಮಿಷ. ಒಂದು ಕವಳವಲ್ಲ, ನಾಲ್ಕು ಕವಳ.

ಗೇರುಬೀಜದವರೇ, ದಾರಿಯನ್ನು ಮೊಬೈಲಿನಲ್ಲಿ ಗುರುತಿಸಿಕೊಂಡಿದ್ದೇನೆ, ಆದರೆ ಎಲ್ಲಿಗೂ ಏರಿಸುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ. ನೀವೂ ಬನ್ನಿ, ಒಬ್ಬಿಬ್ಬರನ್ನು ಕರೆದುಕೊಂಡು. ಕಿರುಬೇಲೆಯಲ್ಲಿ ಊಟಕ್ಕೆ ಹೇಳಿಟ್ಟಿರುತ್ತೇನೆ, ಅವರಿಗೆ ದುಡ್ಡು ಕೊಡೋಣ. ಬಂಡಿದಾರಿಯವರು ಹೇಳಿದ ಪುಸ್ತಕ ಕೊಂಡಿದ್ದೇನೆ. ಮೊದಲ ಪುಟದಲ್ಲಿ ಅಕ್ಕೋರ ವಿವರ, ಎರಡನೆಯದರಲ್ಲಿ ನಮ್ಮಿಬ್ಬರದು. ಗ್ರಾಮ ನಕಾಶೆಯಲ್ಲಿ ತುಂಡುಗೆರೆ ಗುಡ್ಡದ ಅರ್ಧದವರೆಗೆ ಇದೆ, ಬೇಲಿಯ ಹತ್ತಿರ ಇಲ್ಲ. ಅದರ ಅರ್ಥವೇನು ಎಂದು ಬಂಡಿದಾರಿಯವರು ಬಿಡುವಾದಾಗ ಹೇಳಲಿ.

ಬಂಡಿದಾರಿ

ಪಕ್ಕದ ಗ್ರಾಮದ ನಕಾಶೆಯನ್ನೂ ತೆಗೆದು ನೋಡಿ. ಗಡಿ ಗುಡ್ಡದ ನೆತ್ತಿಯಲ್ಲಿ ಹಾದಿದ್ದರೆ ಉಳಿದರ್ಧ ಗೆರೆ ಅದರಲ್ಲಿರಬಹುದು. ಕಕ್ಷಿದಾರರು ಒಂದೇ ನಕಾಶೆ ತಂದು ದಾರಿ ಇಲ್ಲ ಎಂದು ಅಳುವುದನ್ನು ಬಹಳ ನೋಡಿದ್ದೇನೆ.

ಗುಡ್ಡೆಶಾಲೆ ಅಕ್ಕೋರು

ತಮ್ಮಾ, ಜಟಕನಿಗೆ ಎಲೆ ಇಟ್ಟೆಯೋ ಇಲ್ಲವೋ? ಅದನ್ನು ಬರೆಯಲೇ ಇಲ್ಲ.

ತಾರಿಬಾಗಿಲು

ಮರೆತೆ ಅಕ್ಕೋರೇ. ಮಾವನ ಮಗ ಇಟ್ಟ, ಕಾಲು ತಾಗಿಸಿದ್ದಕ್ಕೆ ಹೆದರಿ.

ಗೇರುಬೀಜ

ಸಿಟ್ಟಿಲ್ಲ. ಸಂಕ್ರಾಂತಿಯ ಮರುವಾರ ನಾನು, ನನ್ನ ತಂಗಿ ಇಬ್ಬರೇ ಬರುತ್ತೇವೆ. ಬಿದ್ದ ಹಾಸುಕಲ್ಲು ಎತ್ತಲು ಎಷ್ಟು ಜನ ಬೇಕು?

ಹರಿದ ಬಲೆ

ಆರು ಜನ, ಒಂದು ಹಗ್ಗ, ಎರಡು ಗಳ. ಹಗ್ಗ ನಾನು ತರುತ್ತೇನೆ. ಆ ವಾರ ದೋಣಿ ಕಟ್ಟಿರುತ್ತೇನೆ.

ಕಗ್ಗದ ಗದ್ದೆ

ನಾನೂ ಬರುತ್ತೇನೆ. ಊಟಕ್ಕೆ ಕಗ್ಗದ ಅಕ್ಕಿ ನಮ್ಮದು.

ಗೇರುಬೀಜ

ತದಡಿಯಿಂದ ಮೊದಲ ತಾರಿ ಎಷ್ಟು ಗಂಟೆಗೆ?

ಹರಿದ ಬಲೆ

ಜನ ಕಂಡ ಹಾಗೆ ಬಿಡುತ್ತಾರೆ. ಏಳಕ್ಕೆ ಬಂದು ದಡದಲ್ಲಿ ನಿಂತಿರಿ, ಈಚೆಯಿಂದ ನೋಡಿದರೆ ಕಾಣುತ್ತದೆ.